ತಂದೆ / ಪಾಲಕರ ಸಹಿ

(ಕಾಕಾ ತೀರಿಕೊಂಡು ವರ್ಷ ತುಂಬಿದಾಗ ಧಾರವಾಡದಲ್ಲಿ ಆಡಿದ ಮಾತಿನ ಬರಹ ರೂಪ. ಹೆಸರು ಹಾಕಬೇಡ ಅಂತ ಮನೆಯವರು ಹೇಳಿದ್ದಾರೆ. ಹಾಗಾಗಿ ಇಲ್ಲಿ ಎಲ್ಲರೂ ನಾವು ಕರೆಯುತ್ತಿದ್ದ ಹೆಸರಿನಿಂದಲೇ ಬರುತ್ತಾರೆ.)

ಎಲ್ಲರಿಗೂ ನಮಸ್ಕಾರ.

ಮೈಕಿನ ಮುಂದೆ ನಿಂತು ನನಗೆ ರೂಢಿಯಿಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕೂತವಳು ನಾನು. ಅಲ್ಲಿ ಗಟ್ಟಿಯಾಗಿ ಹೇಳುತ್ತಿದ್ದ ಮಾತು ಒಂದೇ, "ಇಲ್ಲೆ ಸಹಿ ಮಾಡ್ರಿ." ಇವತ್ತು ಹೇಳಬೇಕು ಅಂದುಕೊಂಡಿರುವುದೂ ಒಂದು ಸಹಿಯ ಕಥೆಯೇ.

ಹೊರಗೆ ಹಾಕಿರುವ ಬ್ಯಾನರಿನಲ್ಲಿ ಕಾಕಾ ಅವರನ್ನು "ಹತ್ತಿ ತಳಿ ತಜ್ಞರು" ಅಂತ ಬರೆದಿದ್ದಾರೆ. ಅವರು ಇದ್ದಿದ್ದರೆ ಮೊದಲು ಅದನ್ನು ಇಳಿಸಿರಿ ಅನ್ನುತ್ತಿದ್ದರು. ಹೊಸಬರು ಯಾರಾದರೂ ಏನು ಕೆಲಸ ನಿಮ್ಮದು ಅಂತ ಕೇಳಿದರೆ ಅವರ ಉತ್ತರ, "ಫಾರ್ಮಿನ್ಯಾಗ ಹೂವಿನ ಕೆಲಸಾ ಮಾಡ್ತೇನ್ರಿ." ಕೇಳಿದವರು ಹೂವಿನ ವ್ಯಾಪಾರಿ ಅಂದುಕೊಳ್ಳುತ್ತಿದ್ದರು. ಒಬ್ಬರಂತೂ ಮಗಳ ಮದುವೆಗೆ ಎರಡು ಮಾಲೆ ಬೇಕು, ಎಷ್ಟಾಗುತ್ತೆ ಅಂತ ಕೇಳಿಯೂ ಬಿಟ್ಟಿದ್ದರು. ಕಾಕಾ ಅವರನ್ನು ತಿದ್ದಲಿಲ್ಲ. ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಚೌಕಾಸಿ ಮಾಡಿ ಮಾಲೆ ಕೊಡಿಸಿ ಬಂದರು.

ಇನ್ನೊಂದು ಶಬ್ದ ಬ್ಯಾನರಿನಲ್ಲಿ ಇಲ್ಲ. ಅದನ್ನು ನಾನು ಹೇಳುತ್ತೇನೆ. ಕಾಕಾ ನನ್ನ ಗೆಳತಿಯ ಮತ್ತು ಅವಳ ತಮ್ಮನ ಮಲತಂದೆ.

ಈ ಶಬ್ದವನ್ನು ಕೊನೇ ಸಲ ಯಾವಾಗ ಕೇಳಿದ್ದಿರಿ, ನೆನಪು ಮಾಡಿಕೊಳ್ಳಿ. ಮಲತಾಯಿ ಮಾತ್ರ ದಿನಾ ಪೇಪರಿನಲ್ಲಿ ಬರುತ್ತಾಳೆ. ಬರ ಪರಿಹಾರ ಬರಲಿಲ್ಲ, ಮಲತಾಯಿ ಧೋರಣೆ. ರೈಲು ಬರಲಿಲ್ಲ, ಮಲತಾಯಿ ಧೋರಣೆ. ತೆರಿಗೆ ಪಾಲು ಕಡಿಮೆ ಆಯಿತು, ಮತ್ತೆ ಅದೇ. ಮಲತಂದೆ ಧೋರಣೆ ಅಂತ ಯಾರೂ ಬರೆದಿದ್ದು ನಾನು ಕಂಡಿಲ್ಲ. ಗಂಡಸರು ಒಳ್ಳೆಯವರು ಅಂತೇನಲ್ಲ ಮತ್ತೆ! ಮಲತಂದೆ ಅನ್ನುವವನು ನಮ್ಮಲ್ಲಿ ಬಹಳ ಕಡಿಮೆ ಇದ್ದ, ಅಷ್ಟೇ.

ಹೆಂಡತಿ ಸತ್ತರೆ ಗಂಡಸಿಗೆ ವರ್ಷದೊಳಗೆ ಹೆಣ್ಣು ಹುಡುಕುತ್ತಿದ್ದರು. ಗಂಡ ಸತ್ತರೆ ಹೆಣ್ಣಿಗೆ ಏನು ಮಾಡುತ್ತಿದ್ದರು ಅನ್ನೋದು ನಿಮಗೆ ಗೊತ್ತು. ವಿಧವೆಯ ಮದುವೆಗೆ ಕಾನೂನು ಬಂದದ್ದು 1856ರಲ್ಲಿ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತಿತ್ತು. ಮತ್ತೆ ಮದುವೆಯಾದರೆ ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕು ಹೋಗುತ್ತಿತ್ತು. ಮಕ್ಕಳನ್ನು ಗಂಡನ ಕಡೆಯವರು ಕೋರ್ಟಿಗೆ ಹೋಗಿ ತಮ್ಮ ಸುಪರ್ದಿಗೆ ಕೇಳಬಹುದಿತ್ತು. ನಮ್ಮ ಕಡೆ ಎಷ್ಟೋ ಸಮುದಾಯಗಳಲ್ಲಿ ಕಾನೂನಿಗೆ ಮೊದಲಿಂದಲೂ ಉಡಿಕಿ ಇತ್ತು, ಸೀರುಡಿಕಿ ಅಂತಲೂ ಅನ್ನುತ್ತಾರೆ. ವಾಲಗವಿಲ್ಲ, ಹಂದರವಿಲ್ಲ. ರಾತ್ರಿ ಹೊತ್ತು ಒಂದು ಸೀರೆ ಉಡಿಸಿ ಕರೆದುಕೊಂಡು ಹೋಗುವುದು. ಅಲ್ಲಿಯೂ ಹೆಂಗಸು ಹೊಸ ಮನೆಗೆ ಬಂದಳು, ಮಕ್ಕಳು ಹಳೇ ಮನೆಯಲ್ಲೇ ಉಳಿದವು ಅನ್ನುವುದೇ ಜಾಸ್ತಿ. ಮಕ್ಕಳೇ ಬರದಿದ್ದರೆ ಮಲತಂದೆ ಆಗುವುದು ಹೇಗೆ? ಶಬ್ದ ಇದೆ, ಅದಕ್ಕೆ ಕೆಲಸ ಇರಲಿಲ್ಲ.

ಕಾಕಾ ಆ ಕೆಲಸ ಮಾಡಿದರು. ಹೇಗೆ ಮಾಡಬೇಕು ಅಂತ ತೋರಿಸಿಕೊಡೋಕೆ ಅವರ ಮುಂದೆ ಯಾರೂ ಇರಲಿಲ್ಲ.

ನಮ್ಮ ಮನೆ ಮಾಳಮಡ್ಡಿಯಲ್ಲಿತ್ತು. ಅಪ್ಪ ಪೋಸ್ಟ್ ಆಫೀಸಿನಲ್ಲಿ ಗುಮಾಸ್ತ. ಓಣಿಯ ಕೊನೆಯಲ್ಲಿ ನನ್ನ ಗೆಳತಿಯ ಮನೆ. ಅವಳ ಅಪ್ಪ ಮತ್ತು ಕಾಕಾ ಒಂದೇ ಹತ್ತಿ ಫಾರ್ಮಿನಲ್ಲಿ ಕೆಲಸಕ್ಕಿದ್ದರು. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋಗುತ್ತಿದ್ದರು, ಹೋಗುವಾಗ ಒಬ್ಬರು ತುಳಿಯುವುದು, ಬರುವಾಗ ಇನ್ನೊಬ್ಬರು. ಕಾಕಾಗೆ ಮದುವೆ ಆಗಿರಲಿಲ್ಲ. ಒಂದು ಖೋಲಿ ಬಾಡಿಗೆಗೆ ಹಿಡಿದು, ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ಭಾನುವಾರ ಮಾತ್ರ ಗೆಳೆಯನ ಮನೆಯಲ್ಲಿ ಬಿಸಿ ರೊಟ್ಟಿ.

1974ರ ಮಳೆಗಾಲದಲ್ಲಿ ನನ್ನ ಗೆಳತಿಯ ಅಪ್ಪ ಕಾಮಾಲೆಯಾಗಿ ಹದಿನೈದು ದಿನದಲ್ಲಿ ಹೋಗಿಬಿಟ್ಟರು. ನನಗೂ ಗೆಳತಿಗೂ ಆಗ 6 ವರ್ಷ. ಅವಳ ತಮ್ಮನಿಗೆ 3. ಅವಳ ಅವ್ವ, ನಾನು ಮೌಶಿ ಅಂತಿದ್ದೆ, ಅವರಿಗೆ 26.

ಪಿಂಚಣಿ ಕಾಗದ ಒಂದು ಆಫೀಸಿನಿಂದ ಇನ್ನೊಂದಕ್ಕೆ ಅಲೆಯುತ್ತಾ ಎರಡು ವರ್ಷ ತೆಗೆದುಕೊಂಡಿತು. ಅದರ ಹಿಂದೆ ಓಡಾಡಿದ್ದು ಕಾಕಾ. ತಿಂಗಳ ಮೊದಲ ವಾರ ಜೋಳದ ಚೀಲ, ಎಣ್ಣೆ, ಬೆಲ್ಲ ತಂದು ಕಟ್ಟೆಯ ಮೇಲೆ ಇಡುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. ಮಕ್ಕಳೇ ಹೊರಗೆ ಬಂದು ಅವರ ಜೊತೆ ಕೂರುತ್ತಿದ್ದವು. ಹಾಗೆ ಹೊರಗೆ ಕೂತರೆ ಮಾತು ಬರುವುದಿಲ್ಲ ಅಂತ ಅವರ ಲೆಕ್ಕ. ಓಣಿಗೆ ಎಲ್ಲಾ ಕಾಣುವ ಹಾಗೆ ಕೂತಿದ್ದಕ್ಕೇ ಮಾತು ಜಾಸ್ತಿ ಬಂತು.

ಮೌಶಿ ಅಷ್ಟರಲ್ಲಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದರು. ಒಂದು ದಿನ ಕಟ್ಟೆಗೆ ಬಂದು ಅವರೇ ಕೇಳಿದರಂತೆ, "ಜನಾ ಹೆಂಗಿದ್ರೂ ಮಾತಾಡ್ತಾರ. ಮಾತಾಡೋದು ಖರೇನ ಆಗಲಿ ಬಿಡ್ರಿ, ಏನಂತೀರಿ?" ಕಾಕಾ ಉತ್ತರ ಕೊಡದೆ ಎದ್ದು ಹೋದರು. ಎಂಟು ದಿನ ಬರಲಿಲ್ಲ. ಒಂಬತ್ತನೇ ದಿನ ಬಂದು ಮೌಶಿಯನ್ನು ಮಾತಾಡಿಸದೆ ಮಕ್ಕಳನ್ನು ಕೇಳಿದರು, "ನಾ ಇಲ್ಲೇ ಇದ್ದರ ನಿಮಗ ಆದೀತೇನು?" ಗೆಳತಿ ಹೇಳಿದ್ದು ಇಷ್ಟೇ, "ಅಪ್ಪನ ಫೋಟೋ ತೆಗೀಬಾರದು ಮತ್ತ." ಕಾಕಾ ಹೂಂ ಅಂದರು.

1977ರಲ್ಲಿ ರಿಜಿಸ್ಟರ್ ಮದುವೆ ಆಯಿತು. ಇಬ್ಬರದೂ ಬೇರೆ ಬೇರೆ ಜಾತಿ, ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆ. ಮೂವತ್ತು ದಿನ ಮೊದಲು ನೋಟಿಸು ಹಚ್ಚಬೇಕು, ಮೂವರು ಸಾಕ್ಷಿ ಬೇಕು. ಆ ನೋಟಿಸು ಬೋರ್ಡಿನ ಮೇಲೆ ಇದ್ದ ಒಂದು ತಿಂಗಳು ಅರ್ಧ ಧಾರವಾಡ ಅದನ್ನು ಓದಿ ಬಂತು ಅಂತ ನಮ್ಮವ್ವ ಹೇಳುತ್ತಿದ್ದಳು. ಮೂವರು ಸಾಕ್ಷಿಗಳಲ್ಲಿ ನಮ್ಮಪ್ಪ ಒಬ್ಬ. ಸಹಿ ಹಾಕಿ ಹೊರಗೆ ಬಂದು ಪೇಢಾ ಹಂಚುವಾಗ ಅಪ್ಪ ಕಾಕಾನ ಬೆನ್ನಿಗೆ ಗುದ್ದಿ ಅಂದನಂತೆ, "ಫಾರ್ಮಿನ್ಯಾಗ ಮಾಡಿದ್ದು ಸಾಲದಂತ ಮನ್ಯಾಗೂ ಎರಡು ಜಾತಿ ಕೂಡಿಸಿದೆಲ್ಲೋ!"

ಆ ಚೇಷ್ಟೆ ಅರ್ಥ ಆಗಬೇಕಾದರೆ ಹತ್ತಿಯ ಕಥೆ ಹೇಳಬೇಕು. ನನಗೆ ಇದನ್ನು ಹೇಳೋಕೆ ಖುಷಿ, ಯಾಕೆಂದರೆ ಇದು ಧಾರವಾಡದ ಕಥೆ. ಪೇಢಾ ಮತ್ತು ಸಂಗೀತ ಬಿಟ್ಟು ನಾವು ಬೇರೆ ಏನನ್ನೂ ಹೇಳಿಕೊಳ್ಳುವುದೇ ಇಲ್ಲ, ಅಲ್ವಾ?

ಆ ಕಾಲದಲ್ಲಿ ನಯವಾದ ಬಟ್ಟೆಗೆ ಬೇಕಾದ ಉದ್ದ ಎಳೆಯ ಹತ್ತಿಯನ್ನು ನಮ್ಮ ದೇಶ ಈಜಿಪ್ಟ್, ಸುಡಾನ್‌ಗಳಿಂದ ತರಿಸುತ್ತಿತ್ತು. ನಮ್ಮ ಎರಿ ಹೊಲದ ಜಯಧರ ಗಟ್ಟಿ ಹತ್ತಿ, ಮಳೆ ಕೈಕೊಟ್ಟರೂ ತಡೆಯುತ್ತದೆ, ಆದರೆ ಎಳೆ ಚಿಕ್ಕದು. 1970ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಸಿ.ಟಿ. ಪಟೇಲ್ ಅವರು ಎಚ್-4 ಅನ್ನುವ ಹೈಬ್ರಿಡ್ ಹತ್ತಿ, ಅಂದರೆ ಎರಡು ತಳಿ ಕೂಡಿಸಿ ಮಾಡಿದ್ದು, ತಂದರು. ಎರಡು ವರ್ಷಕ್ಕೆ, 1972ರಲ್ಲಿ, ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ವರಲಕ್ಷ್ಮಿ ತಂದರು. ಎಚ್-4ರ ತಾಯಿ ತಂದೆ ಒಂದೇ ಜಾತಿಯವು. ವರಲಕ್ಷ್ಮಿಯ ತಾಯಿ ತಂದೆ ಬೇರೆ ಬೇರೆ ಜಾತಿ. ತಾಯಿ ಲಕ್ಷ್ಮಿ, ನಮ್ಮ ಕಡೆಯ ರೈತರಿಗೆ ಗೊತ್ತಿದ್ದ ಅಮೆರಿಕನ್ ಜಾತಿಯ ಹತ್ತಿ. ತಂದೆ ಎಸ್‌ಬಿ 289ಇ, ಈಜಿಪ್ಟಿನ ಹತ್ತಿ ಯಾವ ಕುಲಕ್ಕೆ ಸೇರಿದೆಯೋ ಆ ಬಾರ್ಬಡೆನ್ಸ್ ಕುಲದ್ದು. ಹೀಗೆ ಎರಡು ಜಾತಿ ಕೂಡಿಸಿದ ಹೈಬ್ರಿಡ್ ಹತ್ತಿ ರೈತರ ಹೊಲಕ್ಕೆ ಬಂದದ್ದು ಅದೇ ಮೊದಲು. ಆಮೇಲೆ 1981ರಲ್ಲಿ ಡಿಸಿಎಚ್-32 ಬಂತು, ಜಯಲಕ್ಷ್ಮಿ. ಅದೂ ಇಲ್ಲಿಯದೇ.

ಕಾಕಾ ಆ ಗುಂಪಿನಲ್ಲಿ ಒಬ್ಬ ಫೀಲ್ಡ್ ಅಸಿಸ್ಟೆಂಟ್. ಪುಸ್ತಕದಲ್ಲಿ ಅವರ ಹೆಸರು ಹುಡುಕಬೇಡಿ, ಸಿಗುವುದಿಲ್ಲ. ಅದಕ್ಕೆ ಅವರಿಗೆ ಬೇಜಾರೂ ಇರಲಿಲ್ಲ. "ತಲಿ ಸಾಹೇಬರದು, ಬೆರಳು ನಮ್ಮವು," ಅನ್ನುತ್ತಿದ್ದರು.

ಬೆರಳಿನ ಕೆಲಸ ಅಂದರೆ ಏನು? ಹತ್ತಿಯ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೇ ಇರುತ್ತವೆ. ಬಿಟ್ಟರೆ ತನಗೆ ತಾನೇ ಕಾಯಿ ಕಟ್ಟಿಕೊಳ್ಳುತ್ತದೆ. ಬೇರೆ ತಂದೆ ಬೇಕಾದರೆ ಹೂವು ಅರಳುವ ಹಿಂದಿನ ದಿನ ಮಧ್ಯಾಹ್ನದ ಮೇಲೆ ಮೊಗ್ಗನ್ನು ಹಿಡಿಯಬೇಕು. ಹೆಬ್ಬೆರಳಿನ ಉಗುರನ್ನು ಬುಡದಲ್ಲಿ ಇಟ್ಟು, ಪಕಳೆಯನ್ನೂ ಒಳಗಿನ ಕೇಸರದ ಕೊಳವೆಯನ್ನೂ ಒಂದೇ ಸಲ ತಿರುಗಿಸಿ ಎಳೆಯಬೇಕು. ಒಂದು ಟೋಪಿ ತೆಗೆದ ಹಾಗೆ ಬರುತ್ತದೆ. ಒಳಗೆ ಹೆಣ್ಣಿನ ಸಣ್ಣ ಕಡ್ಡಿ ಒಂದೇ ನಿಂತಿರುತ್ತದೆ. ಅದರ ಮೇಲೆ ಕೆಂಪು ಕಾಗದದ ಚೀಲ. ಬೆಳಿಗ್ಗೆ ದೂರದಿಂದ ಕಾಣಲಿ ಅಂತ ಕೆಂಪು. ಮರುದಿನ ಬೆಳಿಗ್ಗೆ ಗಂಡು ಸಾಲಿನಿಂದ ಹೂವು ತಂದು, ಅದರ ಪರಾಗ ಈ ಕಡ್ಡಿಗೆ ಮುಟ್ಟಿಸಿ, ತೊಟ್ಟಿಗೆ ದಾರ ಕಟ್ಟಬೇಕು. ಹತ್ತಿ ಹೂವು ಇರೋದು ಒಂದೇ ದಿನ. ಸಂಜೆಗೆ ಬಣ್ಣ ತಿರುಗುತ್ತದೆ. ಇವತ್ತು ತಪ್ಪಿದ ಹೂವು ತಪ್ಪಿತು.

ಒಂದು ಭಾನುವಾರ ನನ್ನನ್ನೂ ಗೆಳತಿಯನ್ನೂ ಫಾರ್ಮಿಗೆ ಕರೆದುಕೊಂಡು ಹೋಗಿದ್ದರು. ನಮಗೆ ಹತ್ತು ಹನ್ನೊಂದು ವರ್ಷ. ಗಂಡು ಸಾಲಿನ ಹೂವು ಹಳದಿ, ಒಳಗೆ ಕೆಂಪು ಮಚ್ಚೆ. ಹೆಣ್ಣು ಸಾಲಿನದು ಕೆನೆ ಬಣ್ಣ. ನಾನು ಒಂದು ಮೊಗ್ಗು ಹಿಡಿದು ಎಳೆದೆ, ಕಡ್ಡಿಯೇ ಮುರಿದು ಕೈಗೆ ಬಂತು. ಎರಡನೆಯದೂ ಹಾಗೇ. ಕಾಕಾ ಬೈಯಲಿಲ್ಲ. "ಹೆಣ್ಣಿಗೆ ನೋವಾಗಬಾರದು, ಗಂಡು ಒಂದೂ ಉಳೀಬಾರದು. ಅಷ್ಟ ನೋಡವಾ," ಅಂದರು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಯಾಕೆ ನಗುತ್ತೇವೆ ಅಂತ ಅವರಿಗೆ ಪಾಪ ಗೊತ್ತಾಗಲಿಲ್ಲ.

ಆ ಕೆಲಸಕ್ಕಾಗಿ ಬಲಗೈ ಹೆಬ್ಬೆರಳಿನ ಉಗುರನ್ನು ಅವರು ಉದ್ದ ಬಿಡುತ್ತಿದ್ದರು. ಹೂವಿನ ರಸ ಕೂತು ಅದಕ್ಕೆ ಕಂದು ಬಣ್ಣ ಬಂದಿತ್ತು. ಮದುವೆಯ ಫೋಟೋದಲ್ಲೂ ಆ ಉಗುರು ಎದ್ದು ಕಾಣುತ್ತದೆ. ಹೈಸ್ಕೂಲಿಗೆ ಬಂದ ಮೇಲೆ ನನ್ನ ಗೆಳತಿಗೆ ಅದೊಂದು ನಾಚಿಕೆ. ಪಾಲಕರ ಸಭೆಗೆ ಬರುವಾಗ ಕೈ ಹಿಂದೆ ಕಟ್ಟಿಕೊಳ್ಳಬೇಕು ಅಂತ ಕರಾರು ಮಾಡಿದ್ದಳು. ಅವರು ಕಟ್ಟಿಕೊಂಡೇ ನಿಂತಿರುತ್ತಿದ್ದರು.

ಈಗ ಸಹಿಯ ವಿಷಯಕ್ಕೆ ಬರುತ್ತೇನೆ.

ಫಾರ್ಮಿನ ರಿಜಿಸ್ಟರಿನಲ್ಲಿ ಪ್ರತಿ ಕೂಡಿಕೆಯನ್ನೂ ಬರೆಯುತ್ತಾರೆ. ತಾಯಿಯ ಹೆಸರು ಮೊದಲು, ಆಮೇಲೆ ಗುಣಾಕಾರದ ಗುರುತು, ಆಮೇಲೆ ತಂದೆ. ಯಾವುದನ್ನೂ ಬಿಡುವ ಹಾಗಿಲ್ಲ, ಬದಲಿಸುವ ಹಾಗಿಲ್ಲ. ಒಂದು ಚೀಟಿ ತಪ್ಪಿದರೆ ಆ ಇಡೀ ಸಾಲು ಕಿತ್ತು ಹಾಕಬೇಕು. ಇಡೀ ದಿನ ಯಾರು ಯಾರ ಮಗು ಅಂತ ಚೀಟಿ ಕಟ್ಟುತ್ತಿದ್ದ ಮನುಷ್ಯ ಮನೆಯಲ್ಲಿ ಎರಡು ಮಕ್ಕಳ ಚೀಟಿ ಬದಲಿಸಲು ಒಪ್ಪಲಿಲ್ಲ.

ನಮ್ಮ ಕಡೆ ಹೆಸರು ಬರೆಯುವ ರೀತಿ ನಿಮಗೆ ಗೊತ್ತು. ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಮದುವೆಯಾದ ವರ್ಷ ಶಾಲೆಯವರು ಹೇಳಿದರು, ಈಗ ನೀವೇ ತಂದೆ, ಅಫಿಡವಿಟ್ ಮಾಡಿಸಿ ಹೆಸರು ಬದಲಿಸಿಕೊಳ್ಳಿ, ಮುಂದೆ ಅನುಕೂಲ ಆಗುತ್ತೆ. ಕೆಟ್ಟ ಮನಸ್ಸಿನಿಂದೇನೂ ಹೇಳಿರಲಿಲ್ಲ. ಕಾಕಾ ಹೇಳಿದರಂತೆ, "ಹೆಸರು ಅವರಪ್ಪ ಕೊಟ್ಟಿದ್ದು. ನಾ ಬರೇ ಫೀ ಕೊಡಾಂವ."

ಪ್ರಗತಿ ಪತ್ರದ ಕೆಳಗೆ "ತಂದೆ / ಪಾಲಕರ ಸಹಿ" ಅಂತ ಅಚ್ಚಾಗಿರುತ್ತಿತ್ತು. ನಮ್ಮಪ್ಪ ಅದನ್ನು ನೋಡುತ್ತಲೂ ಇರಲಿಲ್ಲ, ಗೀಚಿ ಕೊಡುತ್ತಿದ್ದ. ಕಾಕಾ ಸ್ಕೇಲು ತರಿಸಿ "ತಂದೆ" ಅನ್ನೋದರ ಮೇಲೆ ಒಂದು ನೇರ ಗೆರೆ ಎಳೆದು, "ಪಾಲಕರ" ಅನ್ನೋದರ ಕೆಳಗೆ ಸಹಿ ಮಾಡುತ್ತಿದ್ದರು. ವರ್ಷಕ್ಕೆ ಮೂರು ಸಲ, ಎರಡು ಮಕ್ಕಳಿಗೆ. ನನಗೆ ಆಗ ಇದು ವಿಚಿತ್ರ ಕಾಣುತ್ತಿತ್ತು. ದೂರ ಇಡುತ್ತಿದ್ದಾರೆ ಅನ್ನಿಸುತ್ತಿತ್ತು. ಗೆಳತಿಗೂ ಒಂದು ಕಾಲಕ್ಕೆ ಹಾಗೇ ಅನ್ನಿಸಿದ್ದಿದೆ. ಒಮ್ಮೆ ಕೇಳಿಯೇಬಿಟ್ಟಳು, "ನಿಮಗ ನಮ್ಮಪ್ಪ ಅನ್ನಿಸಿಕೊಳ್ಳೋದು ಬ್ಯಾಡೇನು?" ಅದಕ್ಕೆ ಅವರು ಗೋಡೆಯ ಫೋಟೋ ತೋರಿಸಿ, "ಅಂವಾ ಅಲ್ಲೇ ಅದಾನಲ್ಲವಾ. ಅವನ ಖುರ್ಚಿ ಮ್ಯಾಲೆ ನಾ ಯಾಕ ಕುಂದರಲಿ? ಬಾಜೂಕ ಜಾಗಾ ಐತಿ," ಅಂದರು.

ಹಾಗಾಗಿ ಅವರು ಕೊನೆಯವರೆಗೂ ಕಾಕಾ. ಅಪ್ಪನ ತಮ್ಮ. ಹುಡುಗರ ಅಪ್ಪನ ತಿಥಿಗೆ ಮಲ್ಲಿಗೆ ಹೂವು ತರುತ್ತಿದ್ದವರೂ ಅವರೇ, ಹುಡುಗನನ್ನು ಸ್ನಾನ ಮಾಡಿಸಿ ಕೂರಿಸುತ್ತಿದ್ದವರೂ ಅವರೇ. ನಿಮ್ಮಪ್ಪ ಸೈಕಲ್ಲು ಹೇಗೆ ತುಳಿಯುತ್ತಿದ್ದ, ಎಷ್ಟು ಮೆಣಸಿನಕಾಯಿ ತಿನ್ನುತ್ತಿದ್ದ, ಯಾವ ಹಾಡು ತಪ್ಪು ತಪ್ಪಾಗಿ ಹಾಡುತ್ತಿದ್ದ ಅಂತ ವರ್ಷ ವರ್ಷ ಅದೇ ಕಥೆ ಹೇಳುತ್ತಿದ್ದರು. ಮೂರು ವರ್ಷದವನಿದ್ದಾಗ ಅಪ್ಪನನ್ನು ಕಳೆದುಕೊಂಡ ಹುಡುಗನಿಗೆ ಅಪ್ಪನ ನೆನಪು ಅಂತ ಇರುವುದೆಲ್ಲ ಕಾಕಾ ಹೇಳಿದ್ದೇ.

1993ರಲ್ಲಿ ಗೆಳತಿಯ ಮದುವೆ. ಲಗ್ನಪತ್ರಿಕೆಯಲ್ಲಿ "ದಿವಂಗತ" ಅಂತ ಸೇರಿಸಿ ಅವಳ ಅಪ್ಪನ ಹೆಸರು ಮೇಲೆ. ಕಾಕಾನ ಹೆಸರು ಕೆಳಗೆ ಆಗಮನಾಭಿಲಾಷಿಗಳ ಸಾಲಿನಲ್ಲಿ, ನಮ್ಮಪ್ಪನ ಹೆಸರಿನ ಪಕ್ಕ. ಧಾರೆ ಎರೆಯುವಾಗ ಮಾತ್ರ ಗೆಳತಿ ಹಟ ಹಿಡಿದಳು. ಬೇರೆ ಯಾರಾದರೂ ಎರೆದರೆ ಏಳುತ್ತೇನೆ ಅಂದಳು. ಕಾಕಾ ಭಟ್ಟರ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿ ಬಂದು ಕೂತರು. ಆಮೇಲೆ ಗೊತ್ತಾಯಿತು, ತಂದೆಯ ಹೆಸರು ಹೇಳುವ ಕಡೆ ಗೆಳೆಯನ ಹೆಸರೇ ಹೇಳಿ ಅಂದಿದ್ದರಂತೆ. ಧಾರೆಯ ನೀರು ತಾಮ್ರದ ತಂಬಿಗೆಯಿಂದ ಬಿದ್ದದ್ದಕ್ಕಿಂತ ಅವರ ಕೈ ನಡುಗಿ ಚೆಲ್ಲಿದ್ದೇ ಜಾಸ್ತಿ. ಲಕ್ಷಗಟ್ಟಲೆ ಹೂವು ಮುರಿಯದೆ ಬಿಡಿಸಿದ ಕೈ ಅದು.

ದೇವರಂಥವರು ಅಂತ ಹೇಳಿ ಮುಗಿಸಿದರೆ ಅವರಿಗೆ ಸಿಟ್ಟು ಬರುತ್ತದೆ. ಅವರಿಗೆ ಜಿಪುಣತನ ಇತ್ತು. ಲೈಟು ಉರಿಯುತ್ತಿದ್ದರೆ ಊಟ ಬಿಟ್ಟು ಎದ್ದು ಹೋಗಿ ಆರಿಸುತ್ತಿದ್ದರು. ಯಾವ ಸಮಾರಂಭಕ್ಕೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಆಗಸ್ಟಿನಿಂದ ಮೂರು ತಿಂಗಳು ಹೂವಿನ ಕಾಲ, ಆಗ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅವರಿಗೆ ತಿಳಿಯುತ್ತಿರಲಿಲ್ಲ. ಮೌಶಿ ಇದನ್ನು ಇವತ್ತಿಗೂ ಮರೆತಿಲ್ಲ, ಮುಂದಿನ ಸಾಲಿನಲ್ಲಿ ಕೂತು ಹೌದು ಅಂತ ತಲೆ ಆಡಿಸುತ್ತಿದ್ದಾರೆ ನೋಡಿ.

ಕೆಲಸದ ಬಗ್ಗೆಯೂ ಅವರಿಗೆ ಒಂದು ನೋವಿತ್ತು. ಹೈಬ್ರಿಡ್ ಬೀಜವನ್ನು ರೈತ ತಾನೇ ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಬೆಳೆ ಹಿಂದಿನ ಹಾಗೆ ಬರುವುದಿಲ್ಲ, ಗುಣಗಳು ಒಡೆದು ಹೋಗುತ್ತವೆ. ಪ್ರತಿ ವರ್ಷ ಕೈಯಿಂದಲೇ ಹೊಸದಾಗಿ ಕೂಡಿಸಬೇಕು. ಹಾಗಾಗಿ ರಾಣೆಬೆನ್ನೂರಿನ ಸುತ್ತ ಬೀಜದ ಹೊಲಗಳು ಬೆಳೆದವು. ಆ ಕೆಲಸ ಕಲಿಸಲು ಕಾಕಾ ಊರೂರು ತಿರುಗಿದರು. ಎಷ್ಟೋ ಹೆಂಗಸರ ಕೈಗೆ ನಾಲ್ಕು ದುಡ್ಡು ಬಂತು. ಆದರೆ ಸಣ್ಣ ಬೆರಳಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ ಅಂತ ಶಾಲೆ ಬಿಡಿಸಿ ಹುಡುಗಿಯರನ್ನು ತಂದು ನಿಲ್ಲಿಸಿದರು. ಎತ್ತರ ಕಡಿಮೆ, ಬಗ್ಗುವ ಕಷ್ಟವಿಲ್ಲ, ಕೂಲಿಯೂ ಕಡಿಮೆ. ಕಾಕಾ ಅಂಥ ಹೊಲಕ್ಕೆ ಹೋದರೆ ಕಲಿಸದೇ ವಾಪಸು ಬರುತ್ತಿದ್ದರು. ಅದರಿಂದ ಏನೂ ನಿಲ್ಲಲಿಲ್ಲ, ಅವರಿಗೂ ಗೊತ್ತಿತ್ತು. "ನಾ ಕಲಿಸಿದ್ದನ್ನ ಆ ಕೂಸು ಮಾಡಾಕ ಹತ್ತಿತ್ತು, ನಮ್ಮ ಹುಡುಗಿ ವಯಸ್ಸಿಂದು," ಅಂತ ನಮ್ಮಪ್ಪನ ಮುಂದೆ ಒಮ್ಮೆ ಹೇಳಿ ಸುಮ್ಮನೆ ಕೂತಿದ್ದು ನನಗೆ ನೆನಪಿದೆ.

ವರಲಕ್ಷ್ಮಿಗೆ ಕೀಟದ ಕಾಟವೂ ಇತ್ತು, ಔಷಧಿ ಜಾಸ್ತಿ ಹೊಡೆಯಬೇಕಿತ್ತು. ಮೊದಲ ವರ್ಷಗಳಲ್ಲಿ ಹತ್ತಿ ಮಾರಿ ರಾಜದೂತ ಬೈಕು ತಗೊಂಡವರನ್ನೂ ಅವರು ನೋಡಿದರು, ಆಮೇಲೆ ಔಷಧಿ ಅಂಗಡಿಯ ಸಾಲ ತೀರಿಸಲಾಗದವರನ್ನೂ ನೋಡಿದರು. 2002ರಲ್ಲಿ ಕಾಯಿಕೊರಕ ಹುಳು ತಡೆಯುವ ಬಿಟಿ ಹತ್ತಿಗೆ ಅನುಮತಿ ಬಂತು, ಹೊಲಗಳೇ ಬದಲಾದವು. ಅಷ್ಟರಲ್ಲಿ ಕಾಕಾ ರಿಟೈರ್ ಆಗಿದ್ದರು. ವರಲಕ್ಷ್ಮಿ ಹೋದಳಲ್ಲ, ಬೇಜಾರಿಲ್ಲವಾ ಅಂತ ಕೇಳಿದೆ. "ಮಗಳು ಮನೀ ಬಿಟ್ಟು ಹೋಗೋದ ಹೌದಲ್ಲವಾ," ಅಂದರು.

ಒಂದು ಬೀಜದ ಕಂಪನಿಯವರು ಎರಡರಷ್ಟು ಪಗಾರ ಕೊಡುತ್ತೇವೆ, ಊರು ಬಿಟ್ಟು ಬನ್ನಿ ಅಂತ ಕರೆದಿದ್ದರು. ಮೂರು ವರ್ಷ ಕರೆದರು. ಮೊದಲ ವರ್ಷ ಹುಡುಗಿಯ ಎಸ್ಸೆಸ್ಸೆಲ್ಸಿ ಪರೀಕ್ಷೆ ಐತಿ ಅಂದರು. ಎರಡನೇ ವರ್ಷ ಹುಡುಗನ ಹಲ್ಲಿಗೆ ತಂತಿ ಹಾಕಿಸಬೇಕು ಅಂದರು. ಮೂರನೇ ವರ್ಷದ ನೆಪ ನೆನಪಿಲ್ಲ, ಬಹುಶಃ ಮತ್ತೊಂದು ಪರೀಕ್ಷೆ.

ಇನ್ನು ಆ ಹುಡುಗನ ಕಥೆ. ಅವನು ಇಲ್ಲೇ ಕೂತಿದ್ದಾನೆ, ಹೇಳು ಅಂದಿದ್ದಾನೆ.

ಅಕ್ಕನಿಗೆ ಕಾಕಾ ಸಲೀಸಾದ ಹಾಗೆ ಅವನಿಗೆ ಆಗಲಿಲ್ಲ. 15ನೇ ವಯಸ್ಸಿನಲ್ಲಿ, 1986ರಲ್ಲಿ, ಯಾರದೋ ಸ್ಕೂಟರು ಓಡಿಸಿಕೊಂಡು ಹೋಗಿ ಗುದ್ದಿಕೊಂಡು ಬಂದ. ಕಾಕಾ ಬೈದರು. ಅವನು, "ನನಗ ಹೇಳಾಕ ನೀ ಯಾರು? ಸಹಿನೂ ಸೈತ ಅಪ್ಪ ಅಂತ ಮಾಡಂಗಿಲ್ಲ ನೀ," ಅಂದ. ಅವರು ಅಷ್ಟು ಜೋಪಾನ ಮಾಡಿದ್ದ ಗೆರೆಯನ್ನೇ ಹಿಡಿದು ಅವನು ಹೊಡೆದ. ಕಾಕಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ರಾತ್ರಿ ಹತ್ತಕ್ಕೆ ಬಂದರು. ಮರುದಿನ ಆ ಸ್ಕೂಟರಿನ ರಿಪೇರಿ ದುಡ್ಡು ಕೊಟ್ಟು ಬಂದರು. ಆ ಮಾತಿನ ಬಗ್ಗೆ ಇಬ್ಬರೂ ಮತ್ತೆ ಎತ್ತಲಿಲ್ಲ. ಮೂರು ವರ್ಷ ಒಂದೇ ಮನೆಯಲ್ಲಿ ಇದ್ದು "ಊಟಾ ಆತೇನು", "ಹೂಂ" ಬಿಟ್ಟರೆ ಮಾತಿಲ್ಲ.

ಪಿಯುಸಿಯಲ್ಲಿ ಅವನು ಫೇಲಾದ. ಕಾಕಾ ಒಂದು ಮಾತು ಅನ್ನದೆ, "ನಾಳೆ ನನ್ನ ಜೋಡಿ ರಾಣೆಬೆನ್ನೂರಿಗೆ ನಡಿ," ಅಂದರು. ಅಲ್ಲಿ ಬೀಜದ ಹೊಲದಲ್ಲಿ ಹೆಂಗಸರ ನಡುವೆ ಇವನನ್ನು ನಿಲ್ಲಿಸಿದರು. ದೊಡ್ಡ ಕೈ, ಹಿಡಿದ ಮೊಗ್ಗೆಲ್ಲ ಪುಡಿ. ಹೆಂಗಸರು ಸೆರಗು ಬಾಯಿಗೆ ಇಟ್ಟು ನಕ್ಕರು. ನಾಲ್ಕನೇ ದಿನ ಹೊಲದ ಪಂಪ್‌ಸೆಟ್ ಕೆಟ್ಟಿತು. ಮೆಕ್ಯಾನಿಕ್ ಬರುವಷ್ಟರಲ್ಲಿ ಇವನು ಅದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಸಂಜೆಗೆ ನೀರು ಬಂತು. ಕಾಕಾ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದರು, "ಮೋಟಾರ್ ರಿವೈಂಡಿಂಗ್ ಕಲೀತಿಯೇನು?" ಮೂರು ವರ್ಷದಲ್ಲಿ ಅವನಿಗೆ ಕೇಳಿದ ಮೊದಲ ಉದ್ದದ ಪ್ರಶ್ನೆ ಅದು ಅಂತ ಅವನೇ ಹೇಳುತ್ತಾನೆ. ಪಿಎಫ್ ಸಾಲ ತೆಗೆದು ಹುಬ್ಬಳ್ಳಿಯಲ್ಲಿ ಅಂಗಡಿ ಹಾಕಿಕೊಟ್ಟರು. ಈಗ ಅಲ್ಲಿ ಆರು ಜನ ಕೆಲಸಕ್ಕಿದ್ದಾರೆ.

ಇಷ್ಟಾದ ಮೇಲೆ ಅಪ್ಪಿಕೊಂಡರು, ಅತ್ತರು ಅಂತ ನೀವು ಕಾಯುತ್ತಿದ್ದರೆ, ಇಲ್ಲ. ಅವನು ಅವರನ್ನು ಮುಖಕ್ಕೆ ಮುಖ ಏನಂತ ಕರೆದದ್ದೂ ನಾನು ಕೇಳಿಲ್ಲ. ಫೋನಿನಲ್ಲಿ ಯಾರಿಗಾದರೂ ಹೇಳಬೇಕಾದರೆ "ಮನ್ಯಾಗ ಹಿರಿಯರು ಅದಾರ" ಅನ್ನುತ್ತಿದ್ದ. ಆದರೆ ಪ್ರತಿ ಶನಿವಾರ ಸಂಜೆ ಹುಬ್ಬಳ್ಳಿಯಿಂದ ಬರುತ್ತಿದ್ದ. ಇಬ್ಬರೂ ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದರು. ಕಾಕಾ ಆ ಉದ್ದ ಉಗುರಿನಿಂದ ಸಿಪ್ಪೆ ಒಡೆದು ಕಾಳು ಅವನ ಕಡೆ ಸರಿಸುತ್ತಿದ್ದರು. ಐವತ್ತು ವರ್ಷದ ಗಂಡಸಿಗೆ ಶೇಂಗಾ ಸುಲಿದು ಕೊಡುವುದು! ಅವನು ಸುಮ್ನೆ ತಿನ್ನುತ್ತಿದ್ದ.

ಹೋದ ವರ್ಷ ಆಸ್ಪತ್ರೆಗೆ ಸೇರಿಸಿದ ದಿನ ನಾನೂ ಜೊತೆಗಿದ್ದೆ. ಕಾಕಾಗೆ 80. ನರ್ಸ್ ಹುಡುಗಿ ಉಗುರು ಕತ್ತರಿಸಲು ಬಂದಳು. "ಅದನ್ನ ಬಿಡು ತಂಗಿ, ಕೆಲಸದ್ದು ಅದು," ಅಂದರು. ರಿಟೈರ್ ಆಗಿ ಇಪ್ಪತ್ತೆರಡು ವರ್ಷ ಆಗಿತ್ತು.

ಕೌಂಟರಿನಲ್ಲಿ ದಾಖಲಾತಿ ಫಾರ್ಮು ಕೊಟ್ಟರು. ಗೆಳತಿಯ ತಮ್ಮ ತುಂಬುತ್ತಾ ಹೋದ. ರೋಗಿಯ ಹೆಸರು, ವಯಸ್ಸು, ವಿಳಾಸ. ಕೊನೆಗೆ "ರೋಗಿಗೆ ತಮ್ಮ ಸಂಬಂಧ" ಅಂತ ಒಂದು ಸಾಲು. ಅಲ್ಲಿ ಪೆನ್ನು ನಿಂತಿತು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಬ್ಯಾಂಕಿನವಳು ನಾನು, ಆ ಸಾಲಿನ ಮುಂದೆ ಪೆನ್ನು ನಿಲ್ಲುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಅವನು ಬರೆದ, "ಪಾಲಕರು."

ಕೌಂಟರಿನ ಹುಡುಗ ಫಾರ್ಮು ನೋಡಿ, "ಸರ್, ಪಾಲಕರು ಅಂದ್ರ ಸಣ್ಣ ಮಕ್ಕಳಿಗೆ ಬರೀತಾರ್ರಿ. ಇಷ್ಟು ವಯಸ್ಸಾದವರಿಗೆ ಎಲ್ಲಿ ಪಾಲಕರು? ಮಗ ಅಂತ ಬರೀರಿ, ಇಲ್ಲಾ ಸಂಬಂಧಿಕರು ಅಂತ ಬರೀರಿ," ಅಂದ.

"ಅದನ್ನ ಇಡ್ರಿ," ಅಂದ ತಮ್ಮ.

ಹಿಂದೆ ಸ್ಟ್ರೆಚರಿನ ಮೇಲಿಂದ ಕಾಕಾ ನಕ್ಕಿದ್ದು ಕೇಳಿಸಿತು. ನಗು ಕೆಮ್ಮಾಗಿ, ನರ್ಸ್ ಓಡಿ ಬಂದು ಬೆನ್ನು ನೀವಿದಳು. ಉಸಿರು ತಿರುಗಿದ ಮೇಲೆ ನನ್ನನ್ನು ಹತ್ತಿರ ಕರೆದು ಕೇಳಿದರು, "ಗೆರಿ ಹೊಡದಾನೇನು ನೋಡು. ಸ್ಕೇಲ್ ಇಟ್ಟು ಹೊಡೀ ಅನ್ನು ಅವಗ."